ನಮ್ಮೂರಿಗೆ ಓಪನ್ ಒಳ್ಳೆದು

ಹುಲ್ಲು ಕತ್ತರಿಸುವ ಮೆಷಿನನ್ನು ಮಲಗಿಸಿ ಸಾಗಿಸಬಾರದು. ಮಲಗಿಸಿದರೆ ಎಂಜಿನ್ನಿನ ಆಯಿಲ್ ಏರ್ ಫಿಲ್ಟರಿಗೆ ಇಳಿಯುತ್ತದೆ. ಆಮೇಲೆ ಸ್ಟಾರ್ಟ್ ಮಾಡಿದ ಕೂಡಲೇ ಬಿಳಿ ಹೊಗೆ ಎದ್ದು ಮನೆಯವರು ಕಿಟಕಿ ಮುಚ್ಚಿಕೊಳ್ಳುತ್ತಾರೆ. ಇದು ಗೊತ್ತಿದ್ದೂ ನಾನು ಎರಡು ವರ್ಷ ನನ್ನ ಹಳೆಯ ಜೀಪಿನ ಹಿಂದುಗಡೆ ಅದನ್ನು ಮಲಗಿಸಿಯೇ ಕೊಂಡುಹೋದೆ. ನಿಲ್ಲಿಸುವುದಕ್ಕೆ ಜಾಗ ಇರಲಿಲ್ಲ. ಪಕ್ಕದಲ್ಲಿ ಬ್ರಷ್ ಕಟ್ಟರ್, ಮೇಲೆ ಸ್ಪ್ರೇಯರ್, ಪೆಟ್ರೋಲ್ ಕ್ಯಾನು, ಹುಲ್ಲಿನ ಗೋಣಿಗಳು, ಇವುಗಳ ನಡುವೆ ಮಡಿಚಿಕೊಂಡು ಕೂತ ನನ್ನ ಕೆಲಸದವರು, ಒಬ್ಬರೇ. ಅವರ ಊರು ಕೊಕ್ಕಡ. ಅಲ್ಲಿ ರಬ್ಬರ್ ಟ್ಯಾಪಿಂಗ್ ಬಿಟ್ಟು ಹೆಂಡತಿಯ ಮನೆಯ ಕಡೆ ಬಂದು ನಿಂತವರು, ನನಗಿಂತ ಎಂಟು ವರ್ಷ ದೊಡ್ಡವರು. ಮನೆಯಲ್ಲಿ ಎರಡು ದನ ಇದ್ದ ಕಾರಣ ನಾವು ಕತ್ತರಿಸಿದ ಹುಲ್ಲೆಲ್ಲ ಸಂಜೆ ಅವರ ಹಟ್ಟಿಗೇ ಹೋಗುತ್ತಿತ್ತು. ಸಂಬಳಕ್ಕಿಂತ ಆ ಹುಲ್ಲಿನ ಮೇಲೆಯೇ ಅವರಿಗೆ ಪ್ರೀತಿ ಎಂದು ನಾನು ತಮಾಷೆ ಮಾಡುತ್ತಿದ್ದೆ.

ನಮ್ಮ ಕಡೆ ಗಲ್ಫಿನಲ್ಲಿ ದುಡಿದವರು ಕಟ್ಟಿಸಿದ ಮನೆಗಳ ಮುಂದೆ ಈಗ ಲಾನ್ ಇರುತ್ತದೆ. ಮನೆಯವರು ಅಲ್ಲಿ, ಹುಲ್ಲು ಇಲ್ಲಿ. ಅದನ್ನು ನೋಡಿಕೊಳ್ಳುವುದು ನನ್ನ ಕೆಲಸ. ನಾನೂ ಹನ್ನೊಂದು ವರ್ಷ ಅಲ್ಲಿ ಒಂದು ಹೋಟೆಲಿನ ಹುಲ್ಲನ್ನು ಸಾಕಿದವನೇ. ಬಂಟ್ವಾಳದಿಂದ ಬೆಳ್ತಂಗಡಿಯ ತನಕ ಹದಿನಾಲ್ಕು ಮನೆಗಳ ಲಾನು ನನ್ನ ಕೈಯಲ್ಲಿತ್ತು. ಹೊಟ್ಟೆಗೆ ಆಗುತ್ತಿತ್ತು, ಅಷ್ಟೆ. ಹಾಗಿರುವಾಗ ಮೂಡುಬಿದಿರೆಯ ಒಂದು ಮದುವೆ ಹಾಲಿನ ಮ್ಯಾನೇಜರ್ ಹೇಳಿಕಳುಹಿಸಿದರು. ಎರಡು ದೊಡ್ಡ ಲಾನು, ಬಫೆಲೋ ಗ್ರಾಸ್, ಒಂದರಲ್ಲಿ ಸ್ಟೇಜು. ಅವರ ಷರತ್ತು ಎರಡೇ: ಕಾರ್ಯಕ್ರಮ ಇದ್ದ ದಿನ ಬೆಳಿಗ್ಗೆ ಏಳಕ್ಕೆ ಬಂದು ಒಂಬತ್ತಕ್ಕೆ ಮುಗಿಸಬೇಕು, ಮಳೆ ಎಂದು ನೆವ ಹೇಳಬಾರದು. ಮಳೆಗಾಲ ಪೂರ್ತಿ ಮಾಡಿ ತೋರಿಸಿದರೆ ವರ್ಷದ ಕೆಲಸ ಬರೆದುಕೊಡುತ್ತೇನೆ ಎಂದರು.

ಅದೊಂದು ಸಿಕ್ಕಿದರೆ ನಾನು ಊರಲ್ಲೇ ಉಳಿಯಬಹುದಿತ್ತು. ಹಳೆಯ ಸೂಪರ್‌ವೈಸರ್ ಗಲ್ಫಿನಿಂದ ಫೋನ್ ಮಾಡಿ, ಅಕ್ಟೋಬರ್ ತನಕ ನಿನ್ನ ಜಾಗ ಖಾಲಿ ಇಡುತ್ತೇನೆ, ಬರುತ್ತೀಯೋ ಇಲ್ಲವೋ ಹೇಳು ಎಂದಿದ್ದ. ಮಗಳು ಆ ಹನ್ನೊಂದು ವರ್ಷದಲ್ಲಿ ನನ್ನನ್ನು ಫೋನಿನಲ್ಲಿ ನೋಡಿದ್ದೇ ಹೆಚ್ಚು. ಈಗ ಊಟಕ್ಕೆ ಕೂತರೆ ಬಟ್ಟಲನ್ನು ನನ್ನ ಕಡೆ ದೂಡುತ್ತಾಳೆ, ಮೀನಿನ ಮುಳ್ಳು ಬಿಡಿಸಿಕೊಡಬೇಕು. ಅವಳು ದೊಡ್ಡವಳು, ಅವಳೇ ಬಿಡಿಸಿಕೊಳ್ಳಬಹುದು. ನಾನು ಹೇಳುವುದಿಲ್ಲ. ಮಳೆಗಾಲ ದಾಟಿದ ಮೇಲೆ ಆ ವೀಸಾದ ಮಾತು ಈ ಮನೆಯಲ್ಲಿ ಬರಬಾರದು ಎಂದು ಹೆಂಡತಿ ಹೇಳಿದಳು. ಇನ್ಶಾ ಅಲ್ಲಾ, ಬರುವುದಿಲ್ಲ ಎಂದೆ.

ಮದುವೆ ಹಾಲಿಗೆ ದೊಡ್ಡ ಮೆಷಿನ್ ಬೇಕು, ಕಬ್ಬಿಣದ ರೋಲರ್ ಬೇಕು. ಜೀಪಿನೊಳಗೆ ಹಿಡಿಸುವ ಮಾತೇ ಇಲ್ಲ. ಜೀಪಿನ ಹಿಂದೆ ಸಿಕ್ಕಿಸುವ ಒಂದು ಟ್ರೈಲರ್ ಮಾಡಿಸಲೇಬೇಕಾಯಿತು. ಅಲ್ಲಿಗೆ ಪ್ರಶ್ನೆ ಬಂತು: ಓಪನಾ, ಕ್ಲೋಸಾ?

ಇದರ ಬಗ್ಗೆ ನಾನು ಯೋಚಿಸಿದಷ್ಟು ನನ್ನ ಮದುವೆಯ ಬಗ್ಗೆ ಯೋಚಿಸಿರಲಿಲ್ಲ. ಓಪನ್ ಟ್ರೈಲರ್ ಹಗುರ. ರೋಲರನ್ನು ಹಿಂದಿನಿಂದಲೂ ಏರಿಸಬಹುದು, ಬದಿಯಿಂದಲೂ ಏರಿಸಬಹುದು. ಪೆಟ್ರೋಲಿನ ಆವಿ ಗಾಳಿಗೆ ಹೋಗುತ್ತದೆ. ಗೇಟಿಗೆ ಹಂಚಿನ ಕಮಾನು ಕಟ್ಟಿಸಿದ ಮನೆಗಳಿಗೂ ತಲೆ ತಾಗದೆ ನುಗ್ಗುತ್ತದೆ. ಆದರೆ ಮಳೆ. ನಮ್ಮ ಜೂನ್‌ನಿಂದ ಸೆಪ್ಟೆಂಬರ್ ತನಕದ ಮಳೆಯಲ್ಲಿ ಕಾರ್ಬೊರೇಟರ್ ಇರುವ ಯಾವ ವಸ್ತುವನ್ನೂ ಆಕಾಶಕ್ಕೆ ತೆರೆದಿಡುವುದು ಹುಚ್ಚುತನ. ಅದರ ಮೇಲಿಂದ ಕಳ್ಳತನ. ಮಡಂತ್ಯಾರಿನಲ್ಲಿ ಚಹಾ ಕುಡಿಯಲು ಹತ್ತು ನಿಮಿಷ ಇಳಿದಾಗ ಜೀಪಿನಿಂದ ಒಂದು ಬ್ರಷ್ ಕಟ್ಟರ್ ಹೋಗಿತ್ತು. ಅಲ್ಲಿ ಗಲ್ಫಿನಲ್ಲಿ ನಮ್ಮ ಟ್ರೈಲರುಗಳೆಲ್ಲ ಕ್ಲೋಸೇ. ಒಳಗೆ ಗೋಡೆಗೆ ಕೊಕ್ಕೆ, ಒಂದೊಂದು ಕೊಕ್ಕೆಗೆ ಒಂದೊಂದು ಹತಾರ, ಬಾಗಿಲು ಹಾಕಿದರೆ ಮುಗಿಯಿತು. ನನ್ನ ಕಣ್ಣಿನಲ್ಲಿ ಅದೇ ಕೂತಿತ್ತು.

ಮಡಂತ್ಯಾರಿನ ಒಬ್ಬ ವೆಲ್ಡರ್ ನನಗೆ ಶಾಲೆಯಿಂದಲೇ ಗೊತ್ತು. ಒಂದೇ ಬೆಂಚಿನಲ್ಲಿ ಕೂತವರು. ನಮ್ಮಿಬ್ಬರ ಮಾತು ಯಾವಾಗಲೂ ತುಳುವಿನಲ್ಲೇ. ನಾನು ಕಾಗದದಲ್ಲಿ ಚಿತ್ರ ಬರೆದುಕೊಂಡು ಹೋದೆ: ಎಂಟು ಅಡಿ ಉದ್ದ, ನಾಲ್ಕೂವರೆ ಅಡಿ ಅಗಲ, ಐದು ಅಡಿ ಎತ್ತರ, ಸುತ್ತ ತಗಡು, ಹಿಂದಿನ ಬಾಗಿಲು ಕೆಳಕ್ಕೆ ಬಿದ್ದರೆ ಅದೇ ಏರಿಸುವ ಹಲಗೆ. ಅವನು ಕಾಗದವನ್ನು ತುಂಬ ಹೊತ್ತು ನೋಡಿದ. ಮತ್ತೆ ಹೇಳಿದ:

"ಓಪನ್ ಮಾಡುವ ಮಾರಾಯ. ನಮ್ಮೂರಿಗೆ ಓಪನ್ ಒಳ್ಳೆದು."

ಮಳೆಯ ವಿಷಯ ಹೇಳಿದೆ. ಹೌದು, ಮಳೆ ಉಂಟು ಎಂದ. ಕಳ್ಳತನದ ವಿಷಯ ಹೇಳಿದೆ. ಹೌದು, ಅದೂ ಉಂಟು ಎಂದ. ಮತ್ತೆ ಪುನಃ ಅದೇ: ಆದರೂ ನಮ್ಮೂರಿಗೆ ಓಪನ್ ಒಳ್ಳೆದು. ಕಾರಣ ಹೇಳಲಿಲ್ಲ. ತಗಡಿನ ಕೆಲಸಕ್ಕೆ ಉದಾಸೀನ ಇವನಿಗೆ ಎಂದು ನನಗೆ ಸಿಟ್ಟು ಬಂತು. ನನ್ನ ಸಿಟ್ಟು ಮೂಗಿನ ತುದಿಯಲ್ಲೇ ಇರುವುದು. ನಿನಗೆ ಆಗದಿದ್ದರೆ ಹೇಳು, ಬಿ.ಸಿ.ರೋಡಿನಲ್ಲಿ ಬೇರೆ ಯಾರನ್ನಾದರೂ ನೋಡುತ್ತೇನೆ ಎಂದೆ. ಅವನು ಚಿತ್ರವನ್ನು ಮಡಿಚಿ ಅಂಗಿಯ ಕಿಸೆಗೆ ಹಾಕಿಕೊಂಡು, ಆಯಿತು, ಮಾಡುವ ಎಂದ.

ಕೆಲಸ ಮಾತ್ರ ಚಂದ ಮಾಡಿದ. ಗುಜರಿ ಜೀಪಿನ ಆಕ್ಸಲ್, ಅದಕ್ಕೆ ಪಟ್ಟಿ ಸ್ಪ್ರಿಂಗ್, ಎರಡು ಇಂಚಿನ ಚೌಕ ಪೈಪಿನ ಫ್ರೇಮು, ನೆಲಕ್ಕೆ ಗೀರು ಇರುವ ದಪ್ಪ ತಗಡು. ಭಾರದ ಹತ್ತನೇ ಒಂದು ಪಾಲು ಜೀಪಿನ ಕೊಕ್ಕೆಯ ಮೇಲೆ ಕೂರಬೇಕು, ಇಲ್ಲದಿದ್ದರೆ ಇಳಿಜಾರಿನಲ್ಲಿ ಟ್ರೈಲರ್ ಬಾಲ ಅಲ್ಲಾಡಿಸಲು ಸುರು ಮಾಡುತ್ತದೆ. ಅದಕ್ಕಾಗಿ ರೋಲರಿನ ಜಾಗ ಆಕ್ಸಲಿಗಿಂತ ಮುಂದೆ, ಮೆಷಿನಿನ ಜಾಗ ಸರೀ ಮೇಲೆ, ಗೋಣಿಗಳು ಹಿಂದೆ. ಟ್ರೈಲರಿಗೆ ಬೇರೆಯೇ ರಿಜಿಸ್ಟ್ರೇಷನ್, ಬೇರೆಯೇ ನಂಬ್ರ. ಅದೂ ಆಯಿತು. ಬಣ್ಣ ಮಾತ್ರ ಆಗಲಿಲ್ಲ. ಬೂದು ಪ್ರೈಮರ್ ಬಳಿದ ಮರುದಿನವೇ ಮಳೆ ಹಿಡಿಯಿತು. ಆಯಿಲ್ ಪೇಂಟ್ ಒಣಗುವುದಿಲ್ಲ, ಹೆಸರು ಬರೆಸುವುದು ಮಳೆ ಬಿಟ್ಟ ಮೇಲೆ ಎಂದುಕೊಂಡೆ.

ಮೊದಲ ವಾರವೇ ಒಂದು ತಾಪತ್ರಯ. ಬೆಳ್ತಂಗಡಿಯ ಒಂದು ಮನೆಯಲ್ಲಿ ಮಧ್ಯಾಹ್ನ ಬಿಸಿಲು ಬಿದ್ದಿತ್ತು. ಕೆಲಸದವರು ಗೋಣಿ ತೆಗೆಯಲು ಒಳಗೆ ಹೋದವರು ತಲೆ ಹಿಡಿದುಕೊಂಡು ಹೊರಗೆ ಬಂದು ಕೂತರು. ಮುಚ್ಚಿದ ಡಬ್ಬಿಯಲ್ಲಿ ಬಿಸಿ ಎಂಜಿನ್, ಪೆಟ್ರೋಲ್ ಕ್ಯಾನ್. ಅದರ ಆವಿ ಮೇಲಕ್ಕೆ ಹೋಗುವುದಿಲ್ಲ, ಗಾಳಿಗಿಂತ ಭಾರ, ನೆಲದಲ್ಲೇ ನಿಲ್ಲುತ್ತದೆ. ಒಂದು ಕಿಡಿ ಸಾಕಿತ್ತು. ಅಂದೇ ಸಂಜೆ ವೆಲ್ಡರನಲ್ಲಿಗೆ ಹೋಗಿ, ಎರಡೂ ಬದಿಗೆ, ನೆಲದಿಂದ ಒಂದು ಅಡಿಯೊಳಗೆ, ಎರಡು ಸಾಲು ತೂತು ಕೊರೆದುಕೊಡು ಎಂದೆ. ಎರಡು ಇಂಚಿನವು.

ಅವನು ಡ್ರಿಲ್ಲನ್ನು ಕೈಯಲ್ಲಿ ಹಿಡಿದುಕೊಂಡೇ ನಿಂತ. ತೂತು ಬೇಡ, ಬದಿಗೆ ಕಿಟಕಿ ಮಾಡುವ, ದೊಡ್ಡ ಜಾಳಿಗೆ ಹಾಕುವ, ಒಳಗೆ ಪೂರ ಕಾಣುವ ಹಾಗೆ ಎಂದ. ಜಾಳಿಗೆಯಿಂದ ಎರಚಲು ಬರುತ್ತದೆ, ಆವಿ ಕೆಳಗೆ ಇರುವಾಗ ಕಿಟಕಿ ಮೇಲೆ ಮಾಡಿ ಏನು ಸುಖ, ವಿಜ್ಞಾನ ಓದಿಲ್ಲವೋ ನೀನು ಎಂದು ನಾನು ಗದರಿದೆ. ಅವನು ಕೊರೆದ. ಒಂದು ಬದಿಗೆ ಇಪ್ಪತ್ತನಾಲ್ಕು, ಇನ್ನೊಂದು ಬದಿಗೆ ಇಪ್ಪತ್ತನಾಲ್ಕು. ಅಂಚನ್ನು ಕೈ ಕೊಯ್ಯದ ಹಾಗೆ ಅರದಿಂದ ಉಜ್ಜಿಯೂ ಕೊಟ್ಟ. ನೋಡಿ ನನಗೆ ಬಹಳ ಖುಷಿಯಾಯಿತು.

ಮೂಡುಬಿದಿರೆಗೆ ಹೋಗುವಾಗ ನಾವು ಮನೆಯಿಂದ ಐದೂವರೆಗೆ ಹೊರಡಬೇಕು. ಗುರುವಾಯನಕೆರೆ, ವೇಣೂರು, ಅಲ್ಲಿಂದ ಮುಂದೆ. ಮೂರನೇ ಸಲವೋ ನಾಲ್ಕನೇ ಸಲವೋ, ಬೆಳಕು ಹರಿಯುವ ಹೊತ್ತಿನಲ್ಲಿ, ಹಾಲಿನ ಡಿಪೋ ಇರುವ ಒಂದು ಕೂಡುರಸ್ತೆಯಲ್ಲಿ ಎರಡು ಬೈಕು ಅಡ್ಡ ನಿಂತಿತ್ತು. ಮೂರು ಜನ. ಒಬ್ಬ ಜೀಪಿನ ಕಿಟಕಿಗೆ ಬಗ್ಗಿ ಕೇಳಿದ:

"ಉಲಾಯಿ ದಾದ ಉಂಡು?"

ಒಳಗೆ ಏನುಂಟು ಎಂದು. ಒರಟಾಗಿ ಕೇಳಲಿಲ್ಲ. ನೆಂಟರ ಚೀಲ ನೋಡಿ ಕೇಳುವ ಹಾಗೆ ಕೇಳಿದ. ನನಗೆ ಒಂದು ಕ್ಷಣ ಅರ್ಥವಾಗಲಿಲ್ಲ. ಆಮೇಲೆ ಅವನ ಕಣ್ಣು ಎಲ್ಲಿ ಹೋಗಿದೆ ಎಂದು ನೋಡಿದೆ. ಅವನು ತೂತುಗಳನ್ನು ನೋಡುತ್ತಿದ್ದ.

ಹೇಳಿಯೇ ಬಿಡುತ್ತೇನೆ. ನಾನು ಬ್ಯಾರಿ, ಈ ಕರಾವಳಿಯ ಮುಸಲ್ಮಾನ. ನಮ್ಮ ಕಡೆಯ ರಸ್ತೆಗಳಲ್ಲಿ ಮುಚ್ಚಿದ ಗಾಡಿ ಬಂದರೆ ಒಳಗೆ ದನ ಉಂಟೋ ಎಂದು ನಿಲ್ಲಿಸಿ ನೋಡುವವರು ಇದ್ದಾರೆ, ಓಡಿಸುವವನ ಹೆಸರು ಕೇಳಿ ಆಮೇಲೆ ಎಷ್ಟು ನೋಡಬೇಕೆಂದು ತೀರ್ಮಾನಿಸುವವರೂ ಇದ್ದಾರೆ. ನನಗೆ ಗೊತ್ತಿಲ್ಲದ್ದಲ್ಲ. ಅದು ಲಾರಿಯವರ ಪಾಡು, ರಾತ್ರಿಯವರ ಪಾಡು ಎಂದುಕೊಂಡಿದ್ದೆ. ಹುಲ್ಲು ಕತ್ತರಿಸುವವನಿಗೂ ಅದಕ್ಕೂ ಏನು ಸಂಬಂಧ? ಅದೇ ಯೋಚನೆಯಲ್ಲಿ ನಾನು ಊರಿಗೆಲ್ಲ ಕಾಣುವ ಹಾಗೆ ಒಂದು ಹೆಸರಿಲ್ಲದ ಬೂದು ಡಬ್ಬಿ ಮಾಡಿಸಿ, ಉಸಿರಾಡುವುದಕ್ಕೆಂಬಂತೆ ನಲ್ವತ್ತೆಂಟು ತೂತು ಕೊರೆಸಿ, ಒಳಗೆ ಹಸಿ ಹುಲ್ಲಿನ ವಾಸನೆ ತುಂಬಿಸಿ, ನಸುಕಿನಲ್ಲಿ ಎಳೆದುಕೊಂಡು ಹೊರಟಿದ್ದೆ. ಬೇಕೆಂದು ಕೂತು ಯೋಚಿಸಿದ್ದರೂ ಇಷ್ಟು ಸರಿಯಾಗಿ ಆಗುತ್ತಿರಲಿಲ್ಲ.

ಬೀಗ ತೆಗೆದು ಬಾಗಿಲು ಇಳಿಸಿದೆ. ಮೆಷಿನ್, ರೋಲರ್, ಗೋಣಿ. ಒಬ್ಬ ಮೂಗೆಳೆದು, ಹಟ್ಟಿಯ ವಾಸನೆ ಬರುತ್ತದಲ್ಲ ಎಂದ. ಹುಲ್ಲಿನದ್ದು ಎಂದೆ. ನಕ್ಕರು. ನಾನೂ ನಕ್ಕೆ, ಬೇಕಾದ್ದಕ್ಕಿಂತ ಹೆಚ್ಚು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡರಂತೆ. ಹಾಗೆ, ಅವರು ಕೇಳದಿದ್ದರೂ ಪೆಟ್ರೋಲಿನ ಆವಿ ಯಾಕೆ ಕೆಳಗೆ ನಿಲ್ಲುತ್ತದೆ ಎಂದು ವಿವರಿಸಲು ಸುರು ಮಾಡಿದೆ. ಅವರು ಕೇಳಿಸಿಕೊಳ್ಳಲಿಲ್ಲ. ಹೋಗಿ ಎಂದರು. ಮೂಡುಬಿದಿರೆ ತಲುಪುವಾಗ ಏಳೂಕಾಲು.

ಆಮೇಲೆ ಇದು ರೂಢಿಯಾಯಿತು. ಒಂದೇ ಜನ ಅಲ್ಲ, ಒಂದೇ ಜಾಗವೂ ಅಲ್ಲ. ಒಂದು ದಿನ ವೇಣೂರಿನ ಈಚೆ, ಒಂದು ದಿನ ಆಚೆ. ಸಂಜೆ ಹುಲ್ಲಿನ ಗೋಣಿ ತುಂಬಿಸಿಕೊಂಡು ಮಡಂತ್ಯಾರಿಗೆ ಬರುವಾಗ ಒಮ್ಮೆ. ಪ್ರತಿ ಸಲ ಬೀಗ, ಬಾಗಿಲು, ಗೋಣಿ ಇಳಿಸುವುದು, ಗೋಣಿ ಏರಿಸುವುದು, ಹತ್ತು ನಿಮಿಷ, ಹದಿನೈದು ನಿಮಿಷ. ಮ್ಯಾನೇಜರ್ ಮೊದಲು ವಾಚು ನೋಡಿದರು, ಮತ್ತೆ ಬಾಯಿಬಿಟ್ಟು ಹೇಳಿದರು. ನಾನು ಕಾರಣ ಹೇಳಲಿಲ್ಲ. ಟಯರ್ ಎಂದೆ. ಕಾರಣ ಹೇಳಿದರೆ ತಕರಾರಿನ ಜನ ಎಂದಾಗುತ್ತದೆ. ಮದುವೆ ಹಾಲಿನವರಿಗೆ ತಕರಾರು ಇರುವವರು ಬೇಡ.

ನಡುವೆ ಒಂದು ಫೋಟೋ ಬಂತು. ಹೆಂಡತಿಯ ಫೋನಿಗೆ, ಯಾರೋ ನೆಂಟರಿಂದ. ನನ್ನ ಟ್ರೈಲರಿನ ಬದಿ, ತೂತುಗಳು, ನಂಬ್ರ. ಕೆಳಗೆ, ಈ ಗಾಡಿ ದಿನಾ ಬೆಳಿಗ್ಗೆ ಈ ರಸ್ತೆಯಲ್ಲಿ ಹೋಗುತ್ತದೆ, ಗಮನಿಸಿ ಎಂದು. ಅವಳು ಫೋನನ್ನು ನನ್ನ ಮುಂದಿಟ್ಟು ಅಡುಗೆ ಮನೆಗೆ ಹೋದಳು. ನನಗೆ ಹೆದರಿಕೆಯಾಯಿತು. ಅದಕ್ಕಿಂತ ಮೊದಲು ನಾಚಿಕೆಯಾಯಿತು, ಯಾಕೆಂದು ಇವತ್ತಿಗೂ ಗೊತ್ತಿಲ್ಲ. ಕೆಲಸದವರು ಒಂದು ಉಪಾಯ ಹೇಳಿದರು: ಮಳೆ ಇದ್ದರೂ ಪರವಾಗಿಲ್ಲ, ಸ್ಟಿಕ್ಕರಿನಲ್ಲಾದರೂ ಬದಿಗೆ ದೊಡ್ಡದಾಗಿ ಹೆಸರು ಹಾಕಿಸಿ. ಯಾರ ಹೆಸರು ಎಂದು ಕೇಳಿದೆ.

ಜುಲೈ ನಡುವಿಗೆ ತುಳುವರ ಆಟಿ ತಿಂಗಳು ಬಂತು. ಆಟಿಯಲ್ಲಿ ನಮ್ಮ ಕಡೆ ಮದುವೆ ಇರುವುದಿಲ್ಲ, ಆದರೆ ಹುಲ್ಲಿಗೆ ಆಟಿ ಇಲ್ಲವಲ್ಲ. ವಾರಕ್ಕೊಮ್ಮೆ ಹೋಗಲೇಬೇಕು. ಅಂಥ ಒಂದು ಬೆಳಿಗ್ಗೆ ನಿಲ್ಲಿಸಿದವರು ಒಳಗೆ ಏನುಂಟು ಎಂದು ಕೇಳಲಿಲ್ಲ. ಒಬ್ಬ ಕೈ ಹಾಕಿ ಜೀಪಿನ ಕೀ ತೆಗೆದುಕೊಂಡ. ಇನ್ನೊಬ್ಬ ನನ್ನ ಕೆಲಸದವರನ್ನು ಇಳಿಸಿ ಹೆಸರು ಕೇಳಿದ. ಅವರ ಹೆಸರು ಕೇಳಿದ ಮೇಲೆ, ನೀವು ಇವರ ಜೊತೆ ಯಾಕೆ ಎಂದು ಕೇಳಿದ. ಹುಲ್ಲಿಗೆ ಎಂದು ಆ ಮನುಷ್ಯ ಸತ್ಯವನ್ನೇ ಹೇಳಿದರು. ನನ್ನ ಮನೆಯಲ್ಲಿ ಎರಡು ದನ ಉಂಟು ಎಂದೂ ಹೇಳಿದರು. ದನ ಎಂಬ ಶಬ್ದ ಬಿದ್ದದ್ದೇ ತಡ, ಸುತ್ತ ನಿಂತವರು ಇನ್ನೂ ಹತ್ತಿರ ಬಂದರು.

ಯಾರೋ ಒಬ್ಬರು ಬರಬೇಕು, ಅವರು ನೋಡಿದ ಮೇಲೆಯೇ ಬಿಡುವುದು ಎಂದರು. ಮುಕ್ಕಾಲು ಗಂಟೆ ಮಳೆಯಲ್ಲಿ ನಿಂತೆವು. ಬಂದವರು ನನ್ನ ವಯಸ್ಸಿನವರೇ, ಕೊಡೆ ಹಿಡಿದಿದ್ದರು. ಬಾಗಿಲು ತೆಗೆಸಿದರು, ಮೆಷಿನನ್ನು ಕೆಳಗೆ ಇಳಿಸಲು ಹೇಳಿದರು. ಇಳಿಸಿದೆ. ಇದು ತೋರಿಕೆಗೆ ಇಟ್ಟದ್ದೂ ಇರಬಹುದು ಎಂದು ಅವರಲ್ಲಿ ಯಾರೋ ಹೇಳಿದ್ದು ಕೇಳಿತು. ಕೊಡೆಯವರು ನನ್ನ ಕಡೆ ತಿರುಗಿ, ಶಾಂತವಾಗಿ ಹೇಳಿದರು:

"ಹೌದಾದ್ರೆ ಸ್ವಲ್ಪ ಹುಲ್ಲು ಕತ್ತರಿಸಿ ತೋರ್ಸಿ, ನೋಡುವ."

ರಸ್ತೆಯ ಬದಿಯಲ್ಲಿ ಮೊಣಕಾಲೆತ್ತರ ಹುಲ್ಲಿತ್ತು. ಅಷ್ಟು ಎತ್ತರದ ಹಸಿ ಹುಲ್ಲಿಗೆ ಈ ಮೆಷಿನ್ ಹಾಕಬಾರದು, ಬ್ಲೇಡ್ ಕಟ್ಟುತ್ತದೆ. ಬ್ಲೇಡನ್ನು ಮೇಲಿನ ಹಲ್ಲಿಗೆ ಎತ್ತಿಟ್ಟು, ಹಗ್ಗ ಎಳೆದೆ. ಒಂದೇ ಎಳೆತಕ್ಕೆ ಎಂಜಿನ್ ಹಿಡಿಯಿತು. ಮುಂದಿನ ಚಕ್ರ ಸ್ವಲ್ಪ ಎತ್ತಿ, ಇಷ್ಟಿಷ್ಟೇ ಇಳಿಸುತ್ತಾ, ಒಂದು ಸಲ ಹೋಗಿ ಒಂದು ಸಲ ಬಂದೆ. ಆಮೇಲೆ ಬ್ಲೇಡ್ ತಗ್ಗಿಸಿ ಇನ್ನೊಮ್ಮೆ. ಎಂಟು ಹತ್ತು ಜನ ರಸ್ತೆಯಲ್ಲಿ ನಿಂತು ನೋಡುತ್ತಿದ್ದರು. ಒಂದು ಬಸ್ಸು ನಿಧಾನ ಮಾಡಿತು, ಕಿಟಕಿಗಳಿಂದಲೂ ನೋಡಿದರು. ಸಾಕು ಎಂದು ಅವರು ಹೇಳಿದ ಮೇಲೂ ನಾನು ನಿಲ್ಲಿಸಲಿಲ್ಲ. ಅಂಚು ಓರೆಯಾಗಿತ್ತು. ತಿರುಗಿ ಬಂದು ಅದನ್ನು ನೇರ ಮಾಡಿದೆ. ಹನ್ನೊಂದು ವರ್ಷದ ಅಭ್ಯಾಸ, ಕೈ ತಾನಾಗಿ ಮಾಡಿತು. ಅದಕ್ಕೆ ಇವತ್ತಿಗೂ ನನ್ನನ್ನು ನಾನು ಬಯ್ಯುತ್ತೇನೆ.

ಕ್ಲೀನಾಗಿ ಮಾಡ್ತೀರಿ ಎಂದು ಅವರಲ್ಲಿ ಒಬ್ಬ ಹೊಗಳಿದ. ಕೀ ಕೊಟ್ಟರು. ಮೂಡುಬಿದಿರೆಗೆ ಎಂಟೂಮುಕ್ಕಾಲಕ್ಕೆ ತಲುಪಿದೆವು. ಮದುವೆ ಇರಲಿಲ್ಲವಾದ ಕಾರಣ ಮ್ಯಾನೇಜರ್ ನನ್ನ ಕೆಸರಾದ ಪ್ಯಾಂಟು ನೋಡಿದರು ಅಷ್ಟೆ.

ಮರುದಿನ ಟ್ರೈಲರನ್ನು ವೆಲ್ಡರನ ಅಂಗಡಿಯ ಮುಂದೆ ನಿಲ್ಲಿಸಿ, ಇದರ ತಲೆ ತೆಗೆ ಎಂದೆ. ಅವನು ಯಾಕೆ ಎಂದು ಕೇಳಲಿಲ್ಲ. ಫೋಟೋ ಅವನ ಫೋನಿಗೂ ಬಂದಿತ್ತಂತೆ. ಎರಡು ಅಡಿಯ ಎತ್ತರಕ್ಕೆ ಸೀಮೆಸುಣ್ಣದ ಗೆರೆ ಹಾಕಿ, ಗ್ರೈಂಡರ್ ಹಿಡಿದು ಸುತ್ತ ಕೊಯ್ಯುತ್ತಾ ಹೋದ. ತಗಡನ್ನು ಹಾಳುಮಾಡಬಾರದು ಎಂದು ಒಂದೊಂದೇ ಹಾಳೆಯಾಗಿ ಬಿಡಿಸಿ ಗೋಡೆಗೆ ಒರಗಿಸಿದ. ಉಳಿದ ಎರಡು ಅಡಿಯ ಗೋಡೆಯಲ್ಲಿ ತೂತುಗಳು ಹಾಗೇ ಇದ್ದವು. ತೆರೆದ ಟ್ರೈಲರಿಗೆ ಅವುಗಳಿಂದ ಉಪಯೋಗವೂ ಇಲ್ಲ, ಉಪದ್ರವೂ ಇಲ್ಲ. ಗ್ರೈಂಡರ್ ನಿಂತ ಮೇಲೆ ನನಗೆ ತಡೆಯಲಾಗಲಿಲ್ಲ.

"ನಿನಗೆ ಮೊದಲೇ ಗೊತ್ತಿತ್ತಲ್ಲ? ಬಾಯಿ ಬಿಟ್ಟು ಹೇಳ್ಲಿಕ್ಕೆ ಎಂತ ಆಗಿತ್ತು?"

ಅವನು ಕನ್ನಡಕ ತೆಗೆದು ಅಂಗಿಯ ತುದಿಯಲ್ಲಿ ಉಜ್ಜಿದ.

"ಹೇಗೆ ಹೇಳುದು ಮಾರಾಯ? ನಾನು ಹೇಳಿದ್ರೆ, ಮೊದಲು ನಿನ್ನನ್ನು ನಿಲ್ಸಿದ್ದು ನಾನೇ ಆದ ಹಾಗೆ ಆಗ್ತದಲ್ಲ."

ನಾವು ಇಬ್ಬರೂ ಅಲ್ಲಿಯೇ ಆ ಹಾಳೆಗಳ ಪಕ್ಕ ಚಹಾ ಕುಡಿದೆವು. ನಮ್ಮಲ್ಲಿ ನೇರ ಮಾತು ಕಮ್ಮಿ, ಎಲ್ಲ "ಮಾಡುವ, ನೋಡುವ"ದಲ್ಲಿ ಮುಗಿಸುವ ಜನ. ಬೇರೆಯವರ ಮನಸ್ಸು ನೋಯಬಾರದು ಎಂದು ಬಾಯಿ ಮುಚ್ಚುವುದು ಮರ್ಯಾದೆ. ಅವನ ಆ ಮರ್ಯಾದೆ ನನ್ನನ್ನು ರಸ್ತೆಯಲ್ಲಿ ನಿಲ್ಲಿಸಿತು. ಅವನ ಮೇಲೆ ಸಿಟ್ಟು ಮಾಡೋಣವೆಂದರೆ ಬರಲಿಲ್ಲ. ಮೊದಲ ಸಲ ನನ್ನ ಸಿಟ್ಟು ಬೇಕಾದಾಗ ಬರಲಿಲ್ಲ.

ಓಪನ್ ಆದ ಮೇಲೆ ಯಾರೂ ನಿಲ್ಲಿಸಲಿಲ್ಲ. ಅದೇ ಕೂಡುರಸ್ತೆಯಲ್ಲಿ, ಬೈಕಿನವನೊಬ್ಬ ಕೈ ಎತ್ತಿ ಹೋಗಿ ಹೋಗಿ ಎಂದ, ಗುರುತಿನವರಿಗೆ ಎತ್ತುವ ಹಾಗೆ. ನಾನೂ ಕೈ ಎತ್ತಿದೆ.

ಈಗ ಮಳೆಯ ಸರದಿ. ಏರ್ ಫಿಲ್ಟರ್ ಸ್ಪಂಜಿನಂತೆ ನೀರು ಹೀರಿತು. ಟ್ಯಾಂಕಿನ ಮುಚ್ಚಳದ ಸಣ್ಣ ತೂತಿನಿಂದ ನೀರು ಇಳಿದು ಪೆಟ್ರೋಲಿನ ಅಡಿಯಲ್ಲಿ ಕೂತಿತು. ದಿನಾ ಕಾರ್ಬೊರೇಟರಿನ ಬಟ್ಟಲು ಬಿಚ್ಚಿ ಆ ನೀರು ಚೆಲ್ಲಬೇಕು, ಪ್ಲಗ್ ಕಳಚಿ ಒರಸಬೇಕು. ಟರ್ಪಾಲು ಹಾಕಿದರೆ ಮುಗಿಯಿತಲ್ಲ ಎಂದು ನೀವು ಹೇಳಬಹುದು. ಹಾಕಿದೆ. ನೀಲಿ ಟರ್ಪಾಲು ಕಟ್ಟಿ ಹೊರಟ ಮೊದಲ ದಿನವೇ ನಿಲ್ಲಿಸಿದರು, ಹಗ್ಗ ಬಿಚ್ಚಿಸಿದರು. ಮುಚ್ಚಿದರೆ ಅವರ ಕೈಗೆ, ತೆರೆದರೆ ಮಳೆಯ ಕೈಗೆ. ಅತ್ತ ದರಿ, ಇತ್ತ ಪುಲಿ.

ಕೊನೆಗೆ ಉಪಾಯ ಮಾಡಿದ್ದು ಕೆಲಸದವರು. ಅಡಿಕೆ ಒಣಗಿಸುವ ಗೂಡಿಗೆ ಹಾಕುವ ದಪ್ಪ ಪ್ಲಾಸ್ಟಿಕ್ ಇರುತ್ತದಲ್ಲ, ಆಚೆಯಿಂದ ಈಚೆ ಕಾಣುವಂಥದ್ದು, ಅದನ್ನು ಕೊಕ್ಕಡದ ತಮ್ಮನ ಮನೆಯಿಂದ ತಂದರು. ಬಿದಿರಿನ ಬಿಲ್ಲು ಕಟ್ಟಿ ಅದನ್ನು ಹೊದಿಸಿದೆವು. ಮುಚ್ಚಿಯೂ ಆಯಿತು, ತೆರೆದೂ ಆಯಿತು. ರಸ್ತೆಯವರಿಗೆ ಮೆಷಿನ್ ಕಂಡಿತು, ಮಳೆ ಹೊರಗೆ ಉಳಿಯಿತು. ಎರಡು ವಾರ ನಾನು ನಿದ್ದೆ ಮಾಡಿದೆ. ವರ್ಷದ ಕೆಲಸ ಸಿಕ್ಕಿಯೇ ಸಿಗುತ್ತದೆ ಎಂದು ಹೆಂಡತಿಗೆ ಹೇಳಿದೆ. ಮಗಳ ಬಟ್ಟಲಿನ ಬಂಗುಡೆಯ ಮುಳ್ಳು ಬಿಡಿಸುತ್ತಾ ಹೇಳಿದ್ದು ನೆನಪಿದೆ.

ಆಟಿ ಕಳೆದ ಮೇಲಿನ ಮೊದಲ ಮದುವೆ. ಹನ್ನೊಂದು ಗಂಟೆಗೆ ಮುಹೂರ್ತ. ಹಿಂದಿನ ಸಂಜೆ ಮೆಷಿನ್ ತೊಳೆದು, ಆಯಿಲ್ ಬದಲಿಸಿ, ಬ್ಲೇಡ್ ಹರಿತ ಮಾಡಿ ಏರಿಸಿಟ್ಟಿದ್ದೆ. ವೇಣೂರು ದಾಟಿದ ಮೇಲೆ ಮಳೆಯ ಜೊತೆ ಗಾಳಿಯೂ ಎದ್ದಿತು. ಪ್ಲಾಸ್ಟಿಕ್ಕಿನ ಒಂದು ಮೂಲೆ ಕಿತ್ತುಕೊಂಡದ್ದು ನನಗೆ ಕನ್ನಡಿಯಲ್ಲಿ ಕಾಣಲಿಲ್ಲ, ಆಚೆಯಿಂದ ಈಚೆ ಕಾಣುವ ವಸ್ತು ಇದ್ದರೂ ಒಂದೇ, ಇಲ್ಲದಿದ್ದರೂ ಒಂದೇ. ಮೂಡುಬಿದಿರೆಯಲ್ಲಿ ಇಳಿದು ನೋಡುವಾಗ ಎರಡು ಅಡಿಯ ಗೋಡೆಯ ನಡುವೆ ಮೆಷಿನ್ ನೀರಿನಲ್ಲಿ ನೆನೆದು ನಿಂತಿತ್ತು. ಸರೀ ಏಳು ಗಂಟೆ. ಇಡೀ ಮಳೆಗಾಲದಲ್ಲಿ ಅಷ್ಟು ಸರಿಯಾಗಿ ತಲುಪಿದ್ದು ಅದೇ ದಿನ.

ಹಗ್ಗ ಎಳೆದೆ. ಎಳೆದೆ. ಪ್ಲಗ್ ಬಿಚ್ಚಿ ಒರಸಿ, ಲೈಟರಿನಲ್ಲಿ ಬಿಸಿ ಮಾಡಿ ಹಾಕಿದೆ. ಕಾರ್ಬೊರೇಟರಿನಿಂದ ಅರ್ಧ ಲೋಟ ನೀರು ಬಂತು. ಎಂಟಕ್ಕೆ ಒಮ್ಮೆ ಹಿಡಿಯಿತು, ಮೊದಲ ಲಾನಿನ ಅರ್ಧಕ್ಕೆ ಬಂದು ಕೆಮ್ಮಿ ನಿಂತಿತು. ಕಿಡಿ ಕೊಡುವ ಮ್ಯಾಗ್ನೆಟೋದೊಳಗೆ ನೀರು ಹೋಗಿತ್ತು. ಅದು ಒಣಗಲು ಬಿಸಿಲು ಬೇಕು. ಬ್ರಷ್ ಕಟ್ಟರಿನಲ್ಲಿ ಉಳಿದದ್ದನ್ನು ಹೊಡೆಯಲು ನೋಡಿದೆವು, ಅದು ಸಮ ಬರುವುದಿಲ್ಲ, ಇಲಿ ಕಚ್ಚಿದ ಹಾಗೆ ಕಂಡಿತು. ಒಂಬತ್ತೂವರೆಗೆ ಡೆಕೊರೇಷನ್‌ನವರು ಕುರ್ಚಿ ಇಡಲು ಸುರು ಮಾಡಿದರು. ಸ್ಟೇಜಿನ ಮುಂದಿನ ಹುಲ್ಲು ಅರ್ಧ ಗಿಡ್ಡ, ಅರ್ಧ ಉದ್ದ. ಅದರ ಮೇಲೆ ಕೆಂಪು ಕಾರ್ಪೆಟ್ ಹಾಸಿ ಮುಚ್ಚಿದರು.

ಮ್ಯಾನೇಜರ್ ಬಯ್ಯಲಿಲ್ಲ. ಬೈದಿದ್ದರೆ ಒಳ್ಳೆದಿತ್ತು. ನಾನು ಆಗಲಾದರೂ ಹೇಳಿದೆ: ಮುಚ್ಚಿದ ಟ್ರೈಲರ್ ಇತ್ತು, ಹೀಗೆ ಹೀಗೆ ಆಯಿತು, ಕೊಯ್ಯಿಸಿದೆ ಎಂದು. ಅವರು ತಲೆಯಾಡಿಸಿದರು, ಪಾಪ ಎಂದರು, ನಿಜವಾಗಿ ಮರುಗಿದರು ಎಂದೇ ನನಗೆ ಅನಿಸಿತು. ವರ್ಷದ ಕೆಲಸದ ಬಗ್ಗೆ ಕೇಳಿದೆ.

"ನೋಡುವ" ಎಂದರು.

ನಮ್ಮೂರಿನಲ್ಲಿ ಹುಟ್ಟಿದವನಿಗೆ ಆ ಶಬ್ದದ ಅರ್ಥ ಹೇಳಿಕೊಡಬೇಕಾಗಿಲ್ಲ.

ಸೆಪ್ಟೆಂಬರ್ ಕೊನೆಯಲ್ಲಿ ಸೂಪರ್‌ವೈಸರಿಗೆ ಬರುತ್ತೇನೆ ಎಂದು ಹೇಳಿದೆ. ಹೆಂಡತಿ ಪೆಟ್ಟಿಗೆ ಕೆಳಗೆ ಇಳಿಸಿದಳು. ಹದಿನಾಲ್ಕು ಮನೆಗಳ ಲಾನನ್ನು ಕೆಲಸದವರಿಗೆ ಬಿಟ್ಟುಕೊಟ್ಟೆ. ಬ್ರಷ್ ಕಟ್ಟರ್ ಹಿಡಿದುಕೊಂಡು ಬಸ್ಸಿನಲ್ಲಿ ಹೋಗಿ ಆದಷ್ಟು ಮಾಡುತ್ತೇನೆ ಎಂದರು. ಟ್ರೈಲರನ್ನು ವೆಲ್ಡರ್ ಇಟ್ಟುಕೊಂಡ. ಬೆಳ್ತಂಗಡಿ ಕಡೆಯ ಒಬ್ಬ ಅಡುಗೆ ಕಂಟ್ರಾಕ್ಟರ್ ಅದನ್ನು ಕೇಳಿದ್ದರು, ಊಟದ ಪಾತ್ರೆ ಸಾಗಿಸಲು. ಅವರಿಗೆ ಕ್ಲೋಸೇ ಬೇಕಂತೆ. ಗೋಡೆಗೆ ಒರಗಿಸಿಟ್ಟ ಹಾಳೆಗಳನ್ನು ವೆಲ್ಡರ್ ಪುನಃ ಬೆಸೆದ. ತೂತುಗಳನ್ನು ಮುಚ್ಚಲೋ ಎಂದು ಅವರನ್ನು ಕೇಳಿದನಂತೆ. ಬೇಡ, ಗಾಳಿಯಾಡಲಿ, ಅನ್ನದ ಪಾತ್ರೆ ವಾಸನೆ ಹಿಡಿಯುತ್ತದೆ ಎಂದರಂತೆ. ಇದನ್ನು ಹೇಳುವಾಗ ಅವನು ನನ್ನ ಮುಖ ನೋಡಲಿಲ್ಲ.

ಹೊರಡುವ ಮೂರು ದಿನ ಮೊದಲು ಟಿಕೆಟಿನ ಕೆಲಸಕ್ಕೆ ಬಿ.ಸಿ.ರೋಡಿಗೆ ಹೋಗಿದ್ದೆ. ಬಸ್‌ಸ್ಟ್ಯಾಂಡಿನ ಎದುರು ನಿಂತಿದ್ದೆ, ಮಧ್ಯಾಹ್ನ, ಒಂದರ ಹಿಂದೆ ಒಂದು ಪ್ರೈವೇಟ್ ಬಸ್ಸು, ಕಂಡಕ್ಟರುಗಳ ಬೊಬ್ಬೆ. ಪೊಲೀಸರು ಬ್ಯಾರಿಕೇಡ್ ಅಡ್ಡ ಇಟ್ಟು ಗಾಡಿ ನೋಡುತ್ತಿದ್ದರು. ಒಂದು ಪಿಕಪ್ಪಿನ ಹಿಂದೆ ಬೂದು ಬಣ್ಣದ ಮುಚ್ಚಿದ ಟ್ರೈಲರ್ ಬಂತು. ಬೆಸೆದ ಗೆರೆ ಸುತ್ತಲೂ ಗಾಯದ ಹಾಗೆ ಕಾಣುತ್ತಿತ್ತು. ಕೆಳಗೆ ಎರಡು ಸಾಲು, ಇಪ್ಪತ್ತನಾಲ್ಕು. ಪೊಲೀಸಿನವರು ಕೈ ಬೀಸಿದರು, ನಿಲ್ಲದೆ ದಾಟಿತು. ಯಾರೂ ತಿರುಗಿ ನೋಡಲಿಲ್ಲ. ನಾನೊಬ್ಬ ನೋಡಿದೆ.

ಅದರ ನೆಲದ ಯಾವ ತಗಡು ಎಲ್ಲಿ ಸ್ವಲ್ಪ ತಗ್ಗಿದೆ ಎಂದು ನನಗೆ ಗೊತ್ತು. ಒಳಗೆ ಇರುವುದು ಅನ್ನದ ಪಾ‌ತ್ರೆ ಎಂದೂ ಗೊತ್ತು. ಆದರೂ ಅದು ಎದುರಿನಿಂದ ಹೋಗುವಾಗ ನನ್ನ ಕಣ್ಣು ಮೊದಲು ಹೋದದ್ದು ಆ ತೂತುಗಳಿಗೆ. ಮನಸ್ಸಿನಲ್ಲಿ, ನನ್ನ ಬ್ಯಾರಿ ಭಾಷೆಯಲ್ಲೂ ಅಲ್ಲ, ತುಳುವಿನಲ್ಲೇ ಬಂತು: ಉಲಾಯಿ ದಾದ ಉಂಡು?